ಗ್ಲಿಸರಿನ್ ಬೆರೆಸಿದ ನೀರಿನಲ್ಲಿ ಮೂರು ವರ್ಷ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಪಿಎಚ್‌.ಡಿ. ಮಾಡಲೆಂದು ಮೈಸೂರಿನಿಂದ ಚೆನ್ನೈಗೆ ಬಂದೆ. ಅಣ್ಣಾ ನಗರದಲ್ಲಿ ಅಕ್ಕನ ಮನೆಯಿತ್ತು. ಅಲ್ಲಿಂದ ದಿನಾ ಬಸ್ಸು ಹಿಡಿದು ಪ್ರಯೋಗಾಲಯಕ್ಕೆ ಹೋಗುತ್ತಿದ್ದೆ. ನನ್ನ ಕೆಲಸ ಏನೆಂದು ಅಕ್ಕ ಕೇಳಿದಾಗ ಹೀಗೆ ಹೇಳಿದ್ದೆ: ನೀರಿನಲ್ಲಿ ಕರಗಿದ ಒಂದು ಕಣ ಪ್ಲಾಟಿನಂ ತಂತಿಯ ಬಳಿ ಬಂದು ಅದಕ್ಕೆ ಒಂದು ಎಲೆಕ್ಟ್ರಾನ್ ಕೊಡುತ್ತದೆ. ಕೊಡುವ ಮುಂಚೆ ಸುತ್ತಲಿನ ನೀರಿನ ಅಣುಗಳು ಕೊಂಚ ತಿರುಗಿ ಹೊಂದಿಕೊಳ್ಳಬೇಕು. ನೀರಿಗೆ ಗ್ಲಿಸರಿನ್ ಬೆರೆಸಿ ಮಂದ ಮಾಡಿದರೆ ಆ ತಿರುಗುವಿಕೆ ನಿಧಾನವಾಗುತ್ತದೆ. ಆಗ ಎಲೆಕ್ಟ್ರಾನ್ ದಾಟುವುದೂ ನಿಧಾನವಾಗುತ್ತದೆಯೇ, ಆಗುವುದಾದರೆ ಎಷ್ಟು? ಅಕ್ಕ ಎಲ್ಲ ಕೇಳಿ, ಇದಕ್ಕೆ ಮೂರು ವರ್ಷ ಬೇಕಾ ಎಂದಿದ್ದಳು.

ತಂತಿಗೆ ಕೊಡುವ ವೋಲ್ಟೇಜನ್ನು ಏರಿಸಿ ಇಳಿಸಿದರೆ, ಯಂತ್ರದ ಪೆನ್ನು ಹಾಳೆಯ ಮೇಲೆ ಎರಡು ಉಬ್ಬು ಬರೆಯುತ್ತಿತ್ತು, ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಅವುಗಳ ನಡುವಿನ ಅಂತರ ಹೆಚ್ಚಿದಷ್ಟೂ ಎಲೆಕ್ಟ್ರಾನ್ ನಿಧಾನ ಎಂದು ಅರ್ಥ. ಗ್ಲಿಸರಿನ್ ಹೆಚ್ಚಿಸುತ್ತ ಹೋದೆ, ಅಂತರವೂ ಹೆಚ್ಚುತ್ತ ಹೋಯಿತು. ಗ್ರಾಫಿನಲ್ಲಿ ಚುಕ್ಕಿಗಳೆಲ್ಲ ಒಂದೇ ನೇರ ಗೆರೆಯಲ್ಲಿ ಕೂತವು. ನನ್ನ ಗೈಡ್ ಮಾತು ಕಡಿಮೆಯ ತಮಿಳು ಹೆಂಗಸು. ಆ ಹಾಳೆ ನೋಡಿ ಅಪರೂಪಕ್ಕೆ ನಕ್ಕರು, ಪೇಪರ್ ಬರೆಯಲು ಹೇಳಿದರು.

ಪೇಪರ್ ಮುಗಿಯುತ್ತ ಬಂದಿತ್ತು. ಎಲೆಕ್ಟ್ರಾನ್ ಕೊಡುವ ಆ ಕಣಗಳಿಗಾಗಿ ನೀರಿನಲ್ಲಿ ಕರಗಿಸುವ ಪುಡಿಯ ಡಬ್ಬಿ ತಳ ಕಂಡದ್ದರಿಂದ ಒಂದು ಮಧ್ಯಾಹ್ನ ಎಂದಿನ ಅರ್ಧದಷ್ಟೇ ಹಾಕಿ ಅಳೆದೆ. ಉಬ್ಬುಗಳ ಅಂತರ ಕಡಿಮೆಯಾಯಿತು. ಹಾಗೆ ಆಗಬಾರದಿತ್ತು. ಒಂದು ಕಣ ಎಲೆಕ್ಟ್ರಾನ್ ಕೊಡುವ ವೇಗಕ್ಕೂ ಒಟ್ಟು ಎಷ್ಟು ಕಣಗಳಿವೆ ಎಂಬುದಕ್ಕೂ ಸಂಬಂಧವಿಲ್ಲ. ಕೂತು ಯೋಚಿಸಿದಾಗ ತಪ್ಪು ಹೊಳೆಯಿತು. ಮಂದವಾದ ದ್ರಾವಣದಲ್ಲಿ ವಿದ್ಯುತ್ತು ಹರಿಯುವುದೇ ಕಷ್ಟ. ಪುಡಿ ಅರ್ಧವಾದಾಗ ಹರಿಯುವ ವಿದ್ಯುತ್ತೂ ಅರ್ಧವಾಗಿ, ಆ ಕಷ್ಟವೂ ತಗ್ಗಿತ್ತು. ಆ ಕಷ್ಟವನ್ನೂ ಸೇರಿಸಿ ನಾನು ಎಲೆಕ್ಟ್ರಾನ್ ನಿಧಾನ ಎಂದು ಬರೆದುಬಿಟ್ಟಿದ್ದೆ.

ಮೂರು ದಿನ ಆ ಹಾಳೆಯನ್ನು ಯಾರಿಗೂ ತೋರಿಸಲಿಲ್ಲ. ಬ್ಯಾಗಿನಲ್ಲಿಟ್ಟುಕೊಂಡೇ ಮನೆಗೆ ಹೋಗಿ ಬಂದೆ. ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆ ಬಂದದ್ದೂ ನಿಜ. ನಾಲ್ಕನೆಯ ದಿನ ಮೇಡಂ ಮೇಜಿನ ಮೇಲೆ ಇಟ್ಟೆ. ಅವರು ಬಹಳ ಹೊತ್ತು ನೋಡಿದರು. ಬೈಯಲಿಲ್ಲ. ಪೇಪರಿನ ಪ್ರತಿಯನ್ನು ಎತ್ತಿ ಬೀರುವಿನೊಳಗಿಟ್ಟು, ಕೆಳಗೆ ಗಾಜಿನ ಕೆಲಸದವರ ಹತ್ತಿರ ಹೋಗು ಎಂದರು. ವೋಲ್ಟೇಜ್ ಅಳೆಯುವ ನಳಿಗೆಗೆ ಸಣ್ಣ ಗಾಜಿನ ತುದಿ ಮಾಡಿಸಿ ತಂತಿಗೆ ಹತ್ತಿರ ನಿಲ್ಲಿಸಿದರೆ, ನಡುವಿನ ದ್ರಾವಣ ಕಡಿಮೆಯಾಗಿ ತಪ್ಪೂ ಕಡಿಮೆಯಾಗುತ್ತದೆ ಎಂಬುದು ಅವರ ಲೆಕ್ಕ.

ಗಾಜಿನ ಕೆಲಸದವರು ನೆಲಮಹಡಿಯಲ್ಲಿ ಪ್ರಯೋಗಾಲಯದ ಗಾಜಿನ ಸಾಮಾನು ಮಾಡಿಕೊಡುತ್ತಿದ್ದ ಒಬ್ಬರು, ನಿವೃತ್ತಿಗೆ ಹತ್ತಿರವಾಗಿದ್ದವರು. ಅವರು ಮಾಡಿಕೊಟ್ಟ ಮೊದಲ ತುದಿ ನನ್ನ ಕೈಯಲ್ಲೇ ಮುರಿಯಿತು. ‘ಅಯ್ಯೋ ದೇವ್ರೇ’ ಎಂದೆ. ಅವರು ತಲೆಯೆತ್ತಿದರು.

“ಏನಮ್ಮಾ, ನೀನು ನಮ್ಮ ಕನ್ನಡದವಳಾ?”

ಅವರ ತಾತ ಕೋಲಾರದ ಕಡೆಯಿಂದ ಬಂದು ಸೌಕಾರ್‌ಪೇಟೆಯಲ್ಲಿ ನೆಲೆಸಿದವರಂತೆ. ಮನೆಯಲ್ಲಿ ಈಗಲೂ ಕನ್ನಡವೇ, ಅರ್ಧ ತಮಿಳು ಬೆರೆತದ್ದು. ನನ್ನ ಮುಖ ನೋಡಿ, “ಪರವಾಯಿಲ್ಲ, ಗಾಜು ಅಂದ್ರೆ ಒಡೆಯುತ್ತೆ. ತಂತಿಗೆ ಎಷ್ಟು ಕಿಟ್ಟ ಹೋಗ್ಬೇಕು, ಅದ್ ಹೇಳು” ಎಂದರು. ಕಿಟ್ಟ ಎಂದರೆ ಹತ್ತಿರ.

“ತುದಿ ದಪ್ಪದ ಎರಡರಷ್ಟು ದೂರ ಇರ್ಬೇಕು ಅಣ್ಣಾ. ಇನ್ನೂ ಹತ್ರ ಹೋದ್ರೆ ತಂತಿಗೇ ಅಡ್ಡ ಬರುತ್ತೆ.”

“ಹಂಗಾದ್ರೆ ತುದಿನೇ ಸಣ್ಣ ಮಾಡ್ಬೇಕು.”

ಮಾಡಿದರು. ಆದರೆ ಗ್ಲಿಸರಿನ್ ಆ ಸಣ್ಣ ತೂತಿನೊಳಗೆ ಏರದೆ ಗಾಳಿಯ ಗುಳ್ಳೆ ಕೂತುಬಿಡುತ್ತಿತ್ತು. ಮತ್ತೆ ಇಳಿದು ಹೋಗಿ ಹೇಳಿದೆ. ಅವರು ಎರಡು ದಿನ ತೆಗೆದುಕೊಂಡು, ನಳಿಗೆಯನ್ನೆಲ್ಲ ಅಗಲವಾಗಿಟ್ಟು ಕೊನೆಯಲ್ಲಿ ಮಾತ್ರ ಕೂದಲಿನಷ್ಟು ಎಳೆದು ಕೊಟ್ಟರು. ಗುಳ್ಳೆ ಕೂರುವುದು ತಪ್ಪಿತು.

ಎಲ್ಲ ಅಳತೆಗಳನ್ನೂ ಮೊದಲಿಂದ ಮಾಡಲು ಏಳೆಂಟು ತಿಂಗಳು ಹಿಡಿಯಿತು. ಪುಡಿ ಅರ್ಧ ಹಾಕಿದರೂ ಅಂತರ ಈಗ ಹೆಚ್ಚುಕಡಿಮೆ ಅಷ್ಟೇ ಇರುತ್ತಿತ್ತು. ದ್ರಾವಣ ಮಂದವಾದರೆ ಎಲೆಕ್ಟ್ರಾನ್ ನಿಧಾನವಾಗುವುದು ನಿಜವೇ, ಆದರೆ ನಾನು ಮೊದಲು ಬರೆದಷ್ಟಲ್ಲ. ಗೆರೆಯ ಇಳಿಜಾರು ತಗ್ಗಿತ್ತು, ಒಂದೆರಡು ಚುಕ್ಕಿ ಆಚೀಚೆ ಕೂತಿದ್ದವು. ಮೇಡಂ ಈ ಸಲ ನಗಲಿಲ್ಲ. ಇದನ್ನು ನಂಬಬಹುದು ಎಂದರು, ಪೇಪರ್ ಕಳಿಸಿದರು.

ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಗಾಜಿನ ಕೆಲಸದವರ ಹೆಸರು ಹಾಕಿದ್ದೆ. ತೋರಿಸಲು ಹೋದಾಗ ಹೆಸರಿನ ಮೇಲೆ ಬೆರಳಿಟ್ಟು ಓದಿದರು. ಆಮೇಲೆ, “ಇಷ್ಟು ವರ್ಷ ಕೆಳಗೇ ಇದ್ದೀನಮ್ಮಾ. ಮೇಲೆ ಇದರಲ್ಲಿ ಏನ್ ಮಾಡ್ತೀರ ಅಂತ ಯಾರೂ ಕರೆದು ತೋರಿಸ್ಲಿಲ್ಲ” ಎಂದರು.

ನನಗೆ ನಾಚಿಕೆಯಾಯಿತು. ಅಂದೇ ಮೇಲಕ್ಕೆ ಕರೆದುಕೊಂಡು ಹೋದೆ. ಅವರು ಕೈಕಟ್ಟಿ ನಿಂತು, ಪೆನ್ನು ಏರಿ ಇಳಿದು ಎರಡೂ ಉಬ್ಬು ಬರೆದು ಮುಗಿಸುವವರೆಗೆ ಕಣ್ಣು ಕೀಳದೆ ನೋಡಿದರು. ಆ ಹಾಳೆ ಮನೆಗೆ ಒಯ್ಯಬಹುದಾ ಎಂದು ಕೇಳಿದರು. ನಾನು ಬಿಚ್ಚಿ ಕೊಟ್ಟೆ, ಯಂತ್ರಕ್ಕೆ ಬೇರೆ ಹಾಳೆ ಹಾಕಿದೆ.