ಕ್ರೀಮಕ್ಕನ ಹದಿನಾರು ತಿಂಗಳು

ಬೆಳಗಿನ ಐದೂ ಮುಕ್ಕಾಲು. ಪಾರ್ಲರಿನ ಷಟರ್ ಮೊಣಕಾಲಿನ ಎತ್ತರಕ್ಕೆ ಮಾತ್ರ ಎದ್ದಿದೆ. ಅದರಡಿ ಬಗ್ಗಿ ಒಳಗೆ ಬರುವ ಹೆಂಗಸು ಬೀದಿಗೆ ಕಾಣುವ ದೀಪಗಳನ್ನು ಮುಟ್ಟುವುದಿಲ್ಲ. ಕಿಟಕಿ ಪಕ್ಕದ ಕುರ್ಚಿಯ ಕನ್ನಡಿಗೆ ಮೂರು ಕಡೆ ಬಲ್ಬುಗಳಿವೆ; ಅವನ್ನಷ್ಟೇ ಹಾಕುತ್ತಾರೆ. ತಲೆಗೆ ಕಟ್ಟಿದ ವಸ್ತ್ರ ಬಿಚ್ಚಿ, ಹೆಗಲ ಮೇಲೆ ಬಿಳಿ ಟವೆಲ್ ಹರಡಿ, ಕೂದಲಿಗೆ ನೀರು ಚಿಮುಕಿಸಿ, ನಾಲ್ಕು ಪಾಲು ಮಾಡಿ ಕ್ಲಿಪ್ ಹಾಕುತ್ತಾರೆ. ಸಿಕ್ಕು ಬಿಡಿಸುವುದು ಬೆರಳಿನಿಂದಲೇ, ತುದಿಯಿಂದ ಬುಡದ ಕಡೆಗೆ. ಇಪ್ಪತ್ತೈದು ನಿಮಿಷದ ಈ ಕೆಲಸ ಮುಗಿದ ಮೇಲೆ ಟವೆಲಿನ ಮೇಲೆ ಬಿದ್ದ ಕೂದಲನ್ನು ಒಂದೊಂದಾಗಿ ಎಣಿಸುತ್ತಾರೆ. ಇವತ್ತು ನೂರ ಹನ್ನೆರಡು.

"ನಿನ್ನೆ ನೂರ ನಲವತ್ತಿತ್ತು," ಎನ್ನುತ್ತಾರೆ, ತಮ್ಮ ಬಗ್ಗೆ ಬರೆಯಲು ಬಂದವರಿಗೆ. "ಕಡಿಮೆ ಆಯ್ತು ಅಂತ ಖುಷಿ ಪಡೋಕೂ ಭಯ. ಉದುರೋಕೆ ಜಾಸ್ತಿ ಉಳಿದಿಲ್ಲ ಅಂತಾನೂ ಇರಬಹುದಲ್ಲ."

ಆಮೇಲೆ ಕನ್ನಡಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಎಡಗಡೆಯ ಕಣತಲೆಯನ್ನು ಬೆಳಕಿಗೆ ಹಿಡಿಯುತ್ತಾರೆ. ಅಲ್ಲಿ ಎರಡು ಬೆರಳಗಲ ಜಾಗ ಬೋಳಾಗಿದೆ. ತೋರುಬೆರಳಿನಿಂದ ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಸವರಿ ನೋಡುತ್ತಾರೆ. ವಸ್ತ್ರ ಮತ್ತೆ ತಲೆಗೇರುತ್ತದೆ; ಅಂಚಿನಲ್ಲಿ ಗುಂಗುರು ಮಾತ್ರ ಹೊರಗಿಣುಕುತ್ತದೆ. ಆರೂವರೆಗೆ ಒಡತಿ ಬರುವ ಹೊತ್ತಿಗೆ ಷಟರ್ ಪೂರ್ತಿ ಎದ್ದಿರುತ್ತದೆ, ನೆಲ ಒರೆಸಿರುತ್ತದೆ, ನೀರು ಬಿಸಿಯಾಗಿರುತ್ತದೆ.

ಗಿರಾಕಿಗಳು ಇವರನ್ನು ಕರೆಯುವುದು ಕ್ರೀಮಕ್ಕ ಎಂದು. ಗುಂಗುರು ಕೂದಲನ್ನು ನೇರ ಮಾಡುವ ಕ್ರೀಮ್ ಹಚ್ಚುವುದು ಇವರ ಕಸುಬು. ವಯಸ್ಸು ನಲವತ್ತೊಂದು; ಕಸುಬಿಗೆ ಹತ್ತೊಂಬತ್ತು. ದಿನಕ್ಕೆ ಆರು ತಲೆ, ವಾರಕ್ಕೆ ಆರು ದಿನ. ರಜೆಗಳನ್ನು ಕಳೆದರೂ ಇಷ್ಟು ವರ್ಷಗಳಲ್ಲಿ ಇವರ ಕೈ ಹಾಯ್ದ ತಲೆಗಳು ಮೂವತ್ತು ಸಾವಿರ ದಾಟುತ್ತವೆ. ಅದೇ ಕ್ರೀಮನ್ನು ಹನ್ನೊಂದನೇ ವಯಸ್ಸಿನಿಂದ ಸ್ವಂತ ತಲೆಗೂ ಹಚ್ಚಿಕೊಂಡು ಬಂದವರು ಹದಿನಾರು ತಿಂಗಳ ಹಿಂದೆ ನಿಲ್ಲಿಸಿದ್ದಾರೆ. ಹುಟ್ಟಿದಾಗ ಬಂದ ಕೂದಲನ್ನೇ ಮತ್ತೆ ಬೆಳೆಸುತ್ತಿದ್ದಾರೆ. ಗಿರಾಕಿಗಳಿಗೆ ಹಚ್ಚುವುದನ್ನು ಬಿಟ್ಟಿಲ್ಲ. ಬೇರೆ ಕೆಲಸ ಬರುವುದಿಲ್ಲ.

ಒಡತಿ ಈಗ ಗಡುವು ಕೊಟ್ಟಿದ್ದಾರೆ. ತಿಂಗಳ ಕೊನೆಯೊಳಗೆ ಕೂದಲು ನೇರ ಮಾಡಿಸಿಕೊಳ್ಳಬೇಕು. ಇಲ್ಲವಾದರೆ ಕಿಟಕಿ ಪಕ್ಕದ ಕುರ್ಚಿ ಬಿಟ್ಟು, ಹಿಂದಿನ ಕೋಣೆಯಲ್ಲಿ ತಲೆ ತೊಳೆಯುವ ಕೆಲಸಕ್ಕೆ ಹೋಗಬೇಕು. ಉಳಿದಿರುವುದು ಒಂಬತ್ತು ದಿನ.

ಏಳು ಗಂಟೆಗೆ ಮೊದಲ ಗಿರಾಕಿ ಬರುತ್ತಾರೆ, ಒಂದು ಬ್ಯಾಂಕಿನ ಕ್ಯಾಷಿಯರ್. ಕ್ರೀಮಕ್ಕ ಬಟ್ಟಲಿನಲ್ಲಿ ಎರಡು ಡಬ್ಬಿಯ ಸಾಮಾನು ಕಲಸುತ್ತಾರೆ. ಕಲಸಿದ್ದನ್ನು ಅವತ್ತೇ ಬಳಸಬೇಕು, ಮಾರನೆಯ ದಿನಕ್ಕೆ ಅದರಲ್ಲಿ ಶಕ್ತಿ ಇರುವುದಿಲ್ಲ. ಹೊಸದಾಗಿ ಬೆಳೆದ ಬುಡಕ್ಕೆ ಮಾತ್ರ ಹಚ್ಚಬೇಕು. ಹಿಂದೆಯೇ ನೇರವಾದ ಕೂದಲಿಗೆ ಇನ್ನೊಮ್ಮೆ ತಾಗಿದರೆ ತುಂಡಾಗುತ್ತದೆ. ಕತ್ತಿನ ಹಿಂಭಾಗದ ಕೂದಲು ಮೊಂಡು, ಅಲ್ಲಿಂದ ಶುರು. ಹಣೆಯ ಅಂಚಿನ ಚರ್ಮ ತೆಳು, ಅದು ಕೊನೆಗೆ. ಒಟ್ಟು ಹದಿನೆಂಟು ನಿಮಿಷ. ಅಷ್ಟರಲ್ಲಿ ನಾಲ್ಕು ಸಲ ಕೇಳುತ್ತಾರೆ, "ಉರಿ ಬಂತಾ?"

"ಇಲ್ಲ ಇಲ್ಲ, ಇನ್ನೂ ಬಿಡಿ," ಎನ್ನುತ್ತಾರೆ ಕ್ಯಾಷಿಯರ್, ಹಲ್ಲು ಕಚ್ಚಿಕೊಂಡು.

"ಸುಳ್ಳು ಹೇಳ್ಬೇಡಿ. ಕಿವಿ ಕೆಂಪಗಾಗಿದೆ."

"ನನ್ನ ಕಿವಿ ಯಾವಾಗ್ಲೂ ಹಂಗೇ. ಅಲ್ಲ ಕ್ರೀಮಕ್ಕ, ನೀವ್ಯಾಕೆ ಬಿಟ್ಟಿದ್ದು ಇದನ್ನ? ಅಡುಗೆ ಮಾಡಿದವರೇ ಊಟಕ್ಕೆ ಕೂರಲ್ಲ ಅಂದ್ರೆ, ನಮಗೆ ಬಡಿಸಿದ್ದೇನು ಅಂತ ಅನುಮಾನ ಬರಲ್ವಾ?"

ಪಕ್ಕದ ಕುರ್ಚಿಯವರು ನಗುತ್ತಾರೆ. "ನಂಗೆ ಹೊಟ್ಟೆ ತುಂಬಿದೆ, ನೀವು ಊಟ ಮಾಡಿ," ಎಂದು ಕ್ರೀಮಕ್ಕನೂ ನಗುತ್ತಾ ಅವರನ್ನು ತಲೆ ತೊಳೆಸಲು ಎಬ್ಬಿಸುತ್ತಾರೆ. ಕೌಂಟರಿನಲ್ಲಿ ಕೂತ ಒಡತಿ ನಗುವುದಿಲ್ಲ. ಅವರ ವಾದ ಸರಳ. "ಹೊರಗೆ ಬೋರ್ಡಿನಲ್ಲಿ ಏನು ಬರೆದಿದೆ? ನೇರ ಕೂದಲು. ಅದರ ಕೆಳಗೆ ನಿಂತವಳ ತಲೆ ಏನು ಹೇಳುತ್ತೆ? ಇವಳ ಕೈಗೆ ಸಮ ಯಾರೂ ಇಲ್ಲ, ನಾನೂ ಇಲ್ಲ. ಆದ್ರೆ ಬಂದವರು ಮೊದಲು ನೋಡೋದು ಕೈ ಅಲ್ಲವಲ್ಲ."

ನಿಲ್ಲಿಸಿದ್ದು ಯಾಕೆ ಎಂದರೆ ಕ್ರೀಮಕ್ಕನ ಬಳಿ ದೊಡ್ಡ ಕಾರಣವೇನಿಲ್ಲ. ಮಗಳಿಗೆ ಆಗ ಹದಿನಾಲ್ಕು. ಒಂದು ಬೆಳಿಗ್ಗೆ ಶಾಲೆಗೆ ಹೊರಡುವ ಮುನ್ನ ಜಡೆ ಹಾಕಿಸಿಕೊಳ್ಳುತ್ತಾ ಕೂತಿದ್ದಳು.

"'ಅಮ್ಮಾ, ನಂಗೆ ಈ ಗುಂಗುರು ಯಾರಿಂದ ಬಂತು?' ಅಂದ್ಲು. ನನ್ನಿಂದ ಅಂದೆ. 'ಹಂಗಾದ್ರೆ ನಿಂದೂ ಹಿಂಗೇ ಇದ್ಯಾ?' ಅಂದ್ಲು. ಜಡೆ ಹಿಡ್ಕೊಂಡು ನಿಂತೇ ಇದ್ದೆ. ಊರವರ ತಲೆಯೆಲ್ಲಾ ಗೊತ್ತು ನಂಗೆ. ಯಾರದ್ದು ಎಷ್ಟು ಸುತ್ತುತ್ತೆ, ಯಾರದ್ದು ಎಷ್ಟು ನಿಮಿಷ ತಡೆಯುತ್ತೆ, ಎಲ್ಲಾ. ನಂದು ಗೊತ್ತಿಲ್ಲ."

ಹನ್ನೊಂದನೇ ವಯಸ್ಸಿನಲ್ಲಿ ಮೊದಲ ಸಲ ಕ್ರೀಮ್ ಹಚ್ಚಿದವರು ಇವರ ತಾಯಿ, ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂರಿಸಿ. ಅವರಿಗೀಗ ಅರವತ್ತೆಂಟು, ಎರಡು ಕೋಣೆಯ ಮನೆಯಲ್ಲಿ ಮಗಳು, ಮೊಮ್ಮಗಳ ಜೊತೆಗಿದ್ದಾರೆ. ಕ್ರೀಮಕ್ಕನ ತಲೆಯನ್ನು ನೋಡಿದಾಗಲೆಲ್ಲ ಮುಖ ತಿರುಗಿಸುತ್ತಾರೆ. "ಕಷ್ಟಪಟ್ಟು ಒಂದು ರೂಪಕ್ಕೆ ತಂದಿದ್ದೆ," ಎನ್ನುತ್ತಾರೆ. "ಈಗ ಕೆದರಿಕೊಂಡು ಓಡಾಡ್ತಾಳೆ. ಅಕ್ಕಪಕ್ಕದವರು ಕೇಳಿದ್ರೆ ಹುಷಾರಿಲ್ಲ ಅಂತ ಹೇಳಿಬಿಡ್ತೀನಿ. ಇನ್ನೇನು ಹೇಳಲಿ?"

ಕೆದರಿದೆ ಎಂಬುದು ನಿಜವಲ್ಲ, ಆದರೆ ತಲೆಯ ಮೇಲೆ ಈಗ ಎರಡು ಬಗೆಯ ಕೂದಲಿದೆ. ಬುಡದಿಂದ ಬಂದ ಗುಂಗುರು ಎಳೆದರೆ ಎಂಟು ಇಂಚು, ಬಿಟ್ಟರೆ ಮೂರಕ್ಕೆ ಕುಗ್ಗುತ್ತದೆ. ಅದರ ಕೆಳಗೆ ಐದು ಇಂಚು ಹಳೆಯ ನೇರ ಕೂದಲು ಬಾಲದಂತೆ ಜೋತಾಡುತ್ತದೆ. ಎರಡೂ ಸೇರುವ ಗೆರೆ ಬಲು ಬಡವಾದದ್ದು. ಟವೆಲಿನ ಮೇಲೆ ಬೀಳುವ ಬಹುಪಾಲು ಕೂದಲು ಮುರಿಯುವುದು ಅಲ್ಲೇ. ಒಂದೇ ಸಲಕ್ಕೆ ಕತ್ತರಿಸಿ ಹಾಕಬಹುದಿತ್ತು. ಅಷ್ಟು ಚಿಕ್ಕ ಕೂದಲಿನಲ್ಲಿ ಕುರ್ಚಿಯ ಹಿಂದೆ ನಿಲ್ಲಲು ಬಿಡುವುದಿಲ್ಲ ಎಂದು ಒಡತಿ ಮೊದಲೇ ಹೇಳಿದ್ದರು. ಹಾಗಾಗಿ ಆರು ವಾರಕ್ಕೊಮ್ಮೆ ಅರ್ಧ ಇಂಚು ಮಾತ್ರ.

"ನಿನ್ನ ತಲೆ ಎರಡಂತಸ್ತಿನ ಮನೆ ಇದ್ದಂಗಿದೆ ಅಂತಾಳೆ ಮಗಳು. ಮೇಲಿನವರಿಗೂ ಕೆಳಗಿನವರಿಗೂ ಮಾತಿಲ್ಲವಂತೆ."

ಎಡಗಡೆಯ ಬೋಳು ಜಾಗದ ಕಥೆ ಬೇರೆ. ಈ ಕಸುಬಿನ ಹೆಂಗಸರಿಗೆ ಒಂದು ಅಭ್ಯಾಸವಿದೆ. ಬಟ್ಟಲಿನಲ್ಲಿ ಮಿಕ್ಕ ಕ್ರೀಮನ್ನು ನಾಳೆಗೆ ಇಡಲು ಬರುವುದಿಲ್ಲ, ಚೆಲ್ಲಲು ಮನಸ್ಸು ಬರುವುದಿಲ್ಲ. ಕೈಗವಸು ತೆಗೆಯುವ ಮುನ್ನ ಬಟ್ಟಲಿನ ಅಂಚನ್ನು ಬೆರಳಿನಿಂದ ಬಳಿದು ತಮ್ಮದೇ ಹಣೆಯ ಅಂಚಿಗೆ ಸವರಿಕೊಳ್ಳುತ್ತಾರೆ, ಮುಂಗೂದಲು ಎದ್ದು ನಿಲ್ಲದಿರಲಿ ಎಂದು. ದಿನಕ್ಕೆ ಒಂದು ಸಲ, ಕೆಲವೊಮ್ಮೆ ಎರಡು ಸಲ. ಕ್ರೀಮಕ್ಕನಿಗೆ ಎಡಗೈ ರೂಢಿ, ಸವರುತ್ತಿದ್ದದ್ದು ಎಡಗಡೆಗೆ. ಕ್ರೀಮ್ ಬಿಟ್ಟಾಗ ಈ ಅಭ್ಯಾಸವನ್ನೂ ಬಿಟ್ಟರು. ಏಳು ತಿಂಗಳು ಕಳೆಯಿತು. ಅಂಚಿನಲ್ಲಿ ರೇಷ್ಮೆಯಂಥ ಸಣ್ಣ ಸುರುಳಿಗಳು ಮೂಡಿದವು. ಒಂದು ಮಧ್ಯಾಹ್ನ ಗಿರಾಕಿಯೊಬ್ಬರು ತಮ್ಮ ನಾದಿನಿ ಗಂಡನ ಮನೆ ಬಿಟ್ಟು ಬಂದ ಕಥೆ ಹೇಳುತ್ತಿದ್ದರು. ಕಥೆ ಕೇಳುತ್ತಾ ಕೇಳುತ್ತಾ ಕೈ ತಾನಾಗಿ ಬಟ್ಟಲು ಬಳಿಯಿತು, ತಾನಾಗಿ ಎಡಗಡೆಗೆ ಹೋಯಿತು.

"ಉರಿ ಹತ್ತಿದಾಗಲೇ ಗೊತ್ತಾಗಿದ್ದು. ನಲ್ಲಿಗೆ ಓಡಿದೆ. ಆ ನಾದಿನಿ ವಾಪಸ್ ಹೋದ್ಲೋ ಇಲ್ವೋ ಇವತ್ತಿಗೂ ಗೊತ್ತಿಲ್ಲ." ಎಡ ಅಂಗೈಯನ್ನು ತಿರುಗಿಸಿ ನೋಡುತ್ತಾ ಹೇಳುತ್ತಾರೆ, "ಮೂರನೇ ದಿನ ಅಷ್ಟೂ ಕೈಗೆ ಬಂತು. ಬೇರೆ ಯಾರಾದ್ರೂ ಮಾಡಿದ್ರೆ ಬೈಬಹುದಿತ್ತು. ಇದು ನನ್ನ ಕೈ. ಇದರಿಂದಲೇ ಊಟ ಮಾಡೋದು."

ಚರ್ಮದ ವೈದ್ಯರು ನೋಡಿದ್ದಾರೆ. ವರ್ಷಗಟ್ಟಲೆ ಸುಟ್ಟ ಜಾಗ ವಾಸಿಯಾದ ಗಾಯದಂತೆ ನುಣುಪಾಗಿದೆ, ಬುಡಗಳು ಮುಚ್ಚಿಹೋಗಿರಬಹುದು, ಒಂದು ವರ್ಷ ಕಾದು ನೋಡಿ ಎಂದಿದ್ದಾರೆ. ಒಂಬತ್ತು ತಿಂಗಳಾಗಿದೆ.

ಇಷ್ಟರ ನಡುವೆ ಧೈರ್ಯ ಹೇಗೆ ಉಳಿಸಿಕೊಂಡಿದ್ದೀರಿ ಎಂಬ ಪ್ರಶ್ನೆ ಅವರಿಗೆ ಹಿಡಿಸುವುದಿಲ್ಲ. "ಧೈರ್ಯ ಗಿರ್ಯ ಅಂತೆಲ್ಲ ಬರೀಬೇಡಿ. ಬೆಳಿಗ್ಗೆ ಇಲ್ಲಿ ಒಬ್ಳೇ ಇರುವಾಗ ಸ್ವಲ್ಪ ಇರುತ್ತೆ. ಹತ್ತು ಗಂಟೆ ಹೊತ್ತಿಗೆ ಖಾಲಿ. ಆಮೇಲೆ ಸುಮ್ನೆ ಕೆಲಸ ಮಾಡ್ತೀನಿ."

ಮಗಳಿಗೀಗ ಹದಿನೈದು ದಾಟಿದೆ. ಕಳೆದ ತಿಂಗಳು ಅವಳು ಕೂಡಿಟ್ಟ ದುಡ್ಡಿನಲ್ಲಿ ಬೇರೊಂದು ಪಾರ್ಲರಿಗೆ ಹೋಗಿ ಕೂದಲು ನೇರ ಮಾಡಿಸಿಕೊಂಡು ಬಂದಳು. ಅಜ್ಜಿಗೆ ಮೊದಲೇ ಗೊತ್ತಿತ್ತು. ಅಮ್ಮನಿಗೆ ಹೇಳಲಿಲ್ಲ ಯಾಕೆ ಎಂದರೆ ಹುಡುಗಿ ನೆಲ ನೋಡುತ್ತಾಳೆ. "ಅಮ್ಮ ಬೇಡ ಅಂತಿರಲಿಲ್ಲ. ಸುಮ್ನೆ ಕೂತಿರೋಳು. ಅದನ್ನ ನೋಡೋಕಾಗಲ್ಲ ನಂಗೆ. ಅಮ್ಮನ ಹಾಗೆ ಬಟ್ಟೆ ಕಟ್ಕೊಂಡು ಶಾಲೆಗೆ ಹೋಗೋಕೂ ಆಗಲ್ಲ."

ಆ ದಿನ ಮನೆಗೆ ಬಂದ ಕ್ರೀಮಕ್ಕ ಮಗಳನ್ನು ಕಿಟಕಿಯ ಬಳಿ ನಿಲ್ಲಿಸಿ, ಕೂದಲನ್ನು ಪಾಲು ಪಾಲಾಗಿ ಎತ್ತಿ ಬುಡ ಪರೀಕ್ಷಿಸಿದರು. ಗಾಯಗಳಿರಲಿಲ್ಲ. "ಒಳ್ಳೆ ಕೆಲಸ ಮಾಡಿದ್ದಾರೆ," ಎನ್ನುತ್ತಾರೆ ಈಗ. "ಕತ್ತಿನ ಹತ್ರ ಎರಡು ನಿಮಿಷ ಜಾಸ್ತಿ ಬಿಟ್ಟಿದ್ದಾರೆ, ಅಷ್ಟೇ."

ಗಡುವಿನ ದಿನ ಮಧ್ಯಾಹ್ನ ಗಿರಾಕಿಗಳು ಇಲ್ಲದ ಹೊತ್ತಿನಲ್ಲಿ ಒಡತಿ ಕೌಂಟರಿನಿಂದ ಎದ್ದು ಬರುತ್ತಾರೆ. ತಾವೇ ಕ್ರೀಮ್ ಕಲಸಿದ್ದಾರೆ.

"ಬಾ, ಕೂತ್ಕೋ. ನಾನೇ ಹಚ್ತೀನಿ. ಬ್ರಷ್ ಹಿಡಿದು ಹತ್ತು ವರ್ಷ ಆಯ್ತು, ಕೈ ಏನೂ ಮರೆತಿಲ್ಲ."

ಕ್ರೀಮಕ್ಕ ತಮ್ಮದೇ ಕುರ್ಚಿಯಲ್ಲಿ ಕೂರುತ್ತಾರೆ. ಕತ್ತಿಗೆ ಟವೆಲ್ ಸುತ್ತಿ ಒಡತಿ ತಲೆಯ ವಸ್ತ್ರ ಬಿಚ್ಚುತ್ತಾರೆ. ಹಗಲು ಬೆಳಕಿನಲ್ಲಿ ಈ ತಲೆಯನ್ನು ಅವರು ಪೂರ್ತಿಯಾಗಿ ನೋಡುತ್ತಿರುವುದು ಇದೇ ಮೊದಲು. ಬಲಗಡೆಯ ದಟ್ಟ ಗುಂಗುರಿನಲ್ಲಿ ಬೆರಳು ಇಳಿಸಿ ಹಾಗೇ ನಿಲ್ಲುತ್ತಾರೆ. ಆಮೇಲೆ ಎಡಗಡೆಗೆ ಬರುತ್ತಾರೆ.

"ಇಷ್ಟಾಗಿದೆ ಅಂತ ಹೇಳಲೇ ಇಲ್ಲವಲ್ಲೇ ನೀನು."

"ಹೇಳಿ ಏನ್ಮಾಡ್ಲಿ ಮೇಡಂ."

"ನೋಡು, ಈ ಕಡೆ ಕ್ರೀಮ್ ತಾಗಿಸಲ್ಲ ನಾನು. ಬಲಗಡೆ ನೇರ ಮಾಡಿ ಈ ಕಡೆಗೆ ಎಳೆದು ಬಾಚಿದ್ರೆ ಮುಚ್ಚಿಹೋಗುತ್ತೆ. ಯಾರಿಗೂ ಕಾಣಲ್ಲ. ಗುಂಗುರಾದ್ರೆ ಹಂಗೆ ಮಲಗಲ್ಲ, ನಿಂಗೇ ಗೊತ್ತು."

ಗೊತ್ತಿದೆ. ಮೂವತ್ತು ಸಾವಿರ ತಲೆ ಕಂಡವರಿಗೆ ಅದು ಒಳ್ಳೆಯ ಸಲಹೆ ಎಂದೂ ಗೊತ್ತಿದೆ. ಬಟ್ಟಲು ಒಡತಿಯ ಕೈಯಲ್ಲೇ ಇದೆ. ಗೋಡೆ ಗಡಿಯಾರದಲ್ಲಿ ನಾಲ್ಕು ನಿಮಿಷ ಕಳೆಯುತ್ತದೆ.

"ಬೇಡ ಮೇಡಂ."

"ಯೋಚನೆ ಮಾಡಿ ಹೇಳ್ತಿದ್ದೀಯಾ?"

"ಇಲ್ಲ. ಯೋಚನೆ ಮಾಡಿದ್ರೆ ಹಚ್ಚಿಸ್ಕೊಂಡುಬಿಡ್ತೀನಿ."

ಒಡತಿ ಮತ್ತೆ ಒತ್ತಾಯಿಸುವುದಿಲ್ಲ. ಗಡುವನ್ನು ಸಡಿಲಿಸುವುದೂ ಇಲ್ಲ. ಟವೆಲ್ ಬಿಚ್ಚಿ, ಎರಡು ಮಡಿಕೆ ಮಾಡಿ, ಕುರ್ಚಿಯ ಕೈಮೇಲೆ ಹಾಕಿ ಕೌಂಟರಿಗೆ ಹೋಗುತ್ತಾರೆ.

ಈಗ ಕಿಟಕಿ ಪಕ್ಕದ ಕುರ್ಚಿಯ ಹಿಂದೆ ಇಪ್ಪತ್ತಮೂರರ ಹುಡುಗಿಯೊಬ್ಬಳು ನಿಲ್ಲುತ್ತಾಳೆ. ಅವಳಿಗೆ ಕೆಲಸ ಕಲಿಸಿದ್ದು ಕ್ರೀಮಕ್ಕನೇ. ಅನುಮಾನ ಬಂದಾಗ ಹುಡುಗಿ ಗಿರಾಕಿಯನ್ನು ಬಿಟ್ಟು ಹಿಂದಿನ ಕೋಣೆಗೆ ಓಡಿ ಬರುತ್ತಾಳೆ: "ಅಕ್ಕಾ, ಹದಿನಾಲ್ಕು ನಿಮಿಷ ಆಯ್ತು, ಉರಿ ಅಂತಿದ್ದಾರೆ, ತೆಗೀಲಾ?" ಇವರು ಕೈ ಒರೆಸಿಕೊಳ್ಳದೆಯೇ ಹೇಳುತ್ತಾರೆ, "ಕೇಳ್ತಾ ನಿಂತಿದ್ದೀಯಲ್ಲ, ಮೊದಲು ತೊಳಿ."

ಹಿಂದಿನ ಕೋಣೆಗೆ ಕಿಟಕಿ ಇಲ್ಲ. ಮೂರು ತೊಳೆಯುವ ಬೇಸಿನ್, ಒಂದು ಟ್ಯೂಬ್‌ಲೈಟ್, ಟವೆಲುಗಳ ರಾಶಿ. ದಿನಕ್ಕೆ ಇಪ್ಪತ್ತೆರಡು ತಲೆ ಬರುತ್ತವೆ. ಗಿರಾಕಿಗಳು ಇಲ್ಲಿ ಕಣ್ಣು ಮುಚ್ಚಿ ಮಲಗಿರುತ್ತಾರೆ, ಹಾಗಾಗಿ ಮುಂದಿನ ಕೋಣೆಯಂತೆ ತಲೆಗೆ ವಸ್ತ್ರ ಕಟ್ಟಲೇಬೇಕೆಂಬ ನಿಯಮವಿಲ್ಲ. ಮೊದಲ ವಾರ ಕ್ರೀಮಕ್ಕ ಕಟ್ಟಿಕೊಂಡೇ ಕೆಲಸ ಮಾಡಿದರು. ಎರಡನೇ ವಾರ ಬಿಸಿನೀರಿನ ಹಬೆಗೆ ಸೆಕೆ ತಡೆಯದೆ ತೆಗೆದಿಟ್ಟರು. ಯಾರೂ ಏನೂ ಅನ್ನಲಿಲ್ಲ, ಯಾಕೆಂದರೆ ಯಾರೂ ನೋಡಲಿಲ್ಲ.

"ಇದನ್ನ ಗೆಲುವು ಅಂತ ಬರೆದುಬಿಟ್ಟೀರಿ ಮತ್ತೆ," ಎಂದು ಎಚ್ಚರಿಸುತ್ತಾರೆ. "ಇಲ್ಲಿಗೆ ಕಳಿಸಿದ್ದಾರೆ, ಬಂದಿದೀನಿ. ಬೇಜಾರಿದೆ. ಆ ಕುರ್ಚಿ ಹತ್ರ ಹತ್ತೊಂಬತ್ತು ವರ್ಷ ನಿಂತಿದ್ದೆ."

ಆಸೆ ಏನಾದರೂ ಇದೆಯೇ ಎಂದರೆ ಮೊದಲು ಕೈಯಲ್ಲಿದ್ದ ಕೆಲಸ ಮುಗಿಸುತ್ತಾರೆ. ಒಬ್ಬರ ತಲೆಯಿಂದ ಕ್ರೀಮನ್ನು ಪೂರ್ತಿ ತೊಳೆದು, ನೀರು ಹಿಂಡಿ, ಟವೆಲ್ ಸುತ್ತಿ ಮುಂದಿನ ಕೋಣೆಗೆ ಕಳಿಸುತ್ತಾರೆ. ಬೇಸಿನ್ ಒರೆಸುತ್ತಾರೆ.

"ಯಾರಾದ್ರೂ ಒಬ್ರು ಬಂದು, ಕ್ರೀಮ್ ಬೇಡ, ಗುಂಗುರು ಇದ್ದ ಹಾಗೇ ಸಿಕ್ಕು ಬಿಡಿಸಿ ಕೊಡು ಅನ್ಬೇಕು. ಇಷ್ಟು ವರ್ಷದಲ್ಲಿ ಇಲ್ಲಿ ಯಾರೂ ಕೇಳಿಲ್ಲ. ಕೇಳ್ತಾರೆ ಅಂತಾನೂ ಅನ್ಸಲ್ಲ," ಎನ್ನುತ್ತಾರೆ. ಮುಂದಿನ ಗಿರಾಕಿ ಬಂದು ಬೇಸಿನ್ನಿಗೆ ತಲೆ ಒರಗಿಸಿದ್ದಾರೆ. ನೀರಿನ ಬಿಸಿಯನ್ನು ಮೊದಲು ತಮ್ಮ ಮಣಿಕಟ್ಟಿನ ಮೇಲೆ ಬಿಟ್ಟು ನೋಡುತ್ತಾ ಮಾತು ಮುಗಿಸುತ್ತಾರೆ. "ಕೇಳಿದ್ರೆ, ಅದೂ ಬರುತ್ತೆ ಈಗ ನಂಗೆ."