ಇಟ್ಕೊ ಎಂದು ಕೊಟ್ಟ ಲೋಟ

“ತೊಳದು ಕೊಡಬ್ಯಾಡಬೇ ಯವ್ವಾ, ಆ ಲೋಟ ನೀನೇ ಇಟ್ಕೊ” ಎಂದಳು ಆ ಮನೆಯ ಸೊಸೆ.

ಕುರುಗೋಡಿನ ಆ ಮನೆಯ ಹಿತ್ತಲಿಗೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋದ ಮೊದಲ ದಿನ ಅದು. ನಾನು ಚಹಾ ಕುಡಿದ ಸ್ಟೀಲ್ ಲೋಟ ಫಳಫಳ ಹೊಳೆಯುತ್ತಿತ್ತು. ಎಂಥ ಒಳ್ಳೆಯ ಹುಡುಗಿ ಎಂದುಕೊಂಡು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದೆ. ನಮ್ಮ ಕೇರಿಯಲ್ಲಿ ನಾಲ್ಕು ಜನಕ್ಕೆ ತೋರಿಸಿದೆ ಕೂಡ.

ಮರುದಿನ ಸೊಸೆ ಚಹಾದ ಪಾತ್ರೆಯೊಂದನ್ನೇ ಹಿಡಿದು ಬಂದಳು.

“ನಿನ್ನಿ ಕೊಟ್ಟಿದ್ನಲ್ಲ, ಆ ಲೋಟ ಎಲ್ಲೈತಿ?”

“ಮನ್ಯಾಗ ಐತವ್ವ.”

ಒಳಗಿನಿಂದ ಅವಳ ಅತ್ತೆ ಕೂಗಿದಳು: “ಇನ್ನೊಂದು ಕೊಡಬ್ಯಾಡಲೇ! ಅಕಿ ಬಾಯಿ ಹಚ್ಚಿದ್ದು ಒಳಗ ತರಾಕ ಬರಂಗಿಲ್ಲ. ದಿನಾ ಒಂದೊಂದು ಲೋಟ ಹೋದ್ರ ನಾವು ಯಾತರಾಗ ಕುಡಿಯೋದು?”

ಆ ದಿನ ನಾನು ಚಹಾ ಕುಡಿಯಲಿಲ್ಲ.

ಮೂರನೆಯ ದಿನ ಲೋಟ ಒಯ್ದೆ. ಚಹಾ ಕುಡಿದು, ನಳದ ಕೆಳಗೆ ತೊಳೆದೆ. ಪಕ್ಕದ ಬುಟ್ಟಿಯಲ್ಲಿ ಅವರ ಲೋಟಗಳು ಒಣಗುತ್ತಿದ್ದವು, ಎಲ್ಲವೂ ಒಂದೇ ಥರದವು. ಅವುಗಳ ನಡುವೆ ನನ್ನದನ್ನೂ ಬೋರಲು ಹಾಕಿ, ಬುಟ್ಟಿ ಒಮ್ಮೆ ಕುಲುಕಿದೆ.

“ನಿಮ್ಮದು ನೀವೇ ಇಟ್ಕೊಳ್ರಿ” ಎಂದೆ.

ಅತ್ತೆ ಓಡಿ ಬಂದಳು. “ಯಾವುದಬೇ ಅದು? ಯಾವುದು?”

ನಾನು ಹೇಳಲಿಲ್ಲ. ಕೆಲಸ ಹೋಯಿತು. ಈಗ ಯಾರಾದರೂ ಇಟ್ಕೊ ಎಂದರೆ ಕೈ ಮುಂದೆ ಹೋಗುವುದಿಲ್ಲ. ನನಗೆಂದು ಕೊಡುತ್ತಿದ್ದಾರೋ, ನಾನು ಮುಟ್ಟಿದೆನೆಂದು ಕೊಡುತ್ತಿದ್ದಾರೋ ಎಂದು ಮೊದಲು ಅವರ ಮುಖ ನೋಡುತ್ತೇನೆ.