ಮುಳುಗುವ ಮನೆಗೆ ಮಣ್ಣು

ಪಕ್ಕದ ಮನೆಯವರು ತಾರಸಿಯ ಮೇಲೆ ಕೈತೋಟ ಮಾಡುತ್ತಾರಂತೆ. ಮುಂಜಾನೆಯಿಂದ ಮಣ್ಣು ಹೊರಿಸುತ್ತಿದ್ದಾರೆ. ಅದರ ಮೇಲೆ ನೀರು ಚಿಮುಕಿಸಿದರು ನೋಡಿ, ಆ ಹಸಿ ವಾಸನೆ ಕಿಟಕಿಯಿಂದ ಒಳಗೆ ಬಂತು, ಕೈಯಲ್ಲಿದ್ದ ಚಹಾ ಆರಿಹೋಯಿತು. ಎದ್ದೆ, ಕೂತೆ, ಮತ್ತೆ ಎದ್ದೆ. ಮೊದಲೇ ನಾನು ಒಂದೆಡೆ ಕೂರುವ ಜೀವವಲ್ಲ. "ಇಕಿ ಕಾಲಾಗ ಚಕ್ರ ಅದಾವ, ಇಕಿನ್ನ ಕಟ್ಕೊಂಡಾಂವಗ ದೇವ್ರ ಗತಿ" ಅನ್ನುತ್ತಿದ್ದಳು ಅವ್ವ. ಯಾರೂ ಕಟ್ಟಿಕೊಳ್ಳಲಿಲ್ಲ, ದೇವರೂ ಪಾರಾದ.

ಆ ವಾಸನೆ ನನ್ನನ್ನು ಬಾಗಲಕೋಟೆಗೆ ಎಳೆದೊಯ್ದಿತು. ನೀವು ಈಗಿನ ಬಾಗಲಕೋಟೆಯನ್ನಷ್ಟೇ ನೋಡಿದವರಾದರೆ ಹಳೆಯದನ್ನು ಊಹಿಸುವುದು ಕಷ್ಟ. ಎಂಬತ್ತರ ದಶಕದ ಶುರುವಿನಲ್ಲಿ ನಾನು ಅರ್ಥಶಾಸ್ತ್ರ ಕಲಿಸಲು ಅಲ್ಲಿಗೆ ಹೋದಾಗ ಊರಿಗೆ ಊರೇ ಕಾಯುತ್ತ ಕೂತಿತ್ತು. ಕೆಳಗೆ ಕೃಷ್ಣೆಗೆ ಅಣೆಕಟ್ಟು ಏಳುತ್ತಿತ್ತು. ಅದರ ಹಿನ್ನೀರು ಒಂದು ದಿನ ಘಟಪ್ರಭೆಯ ದಂಡೆಯ ಓಣಿಗಳನ್ನು ನುಂಗುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಯಾವತ್ತು ಎಂಬುದು ಯಾರಿಗೂ ಗೊತ್ತಿಲ್ಲ. ಹಾಗಾಗಿ ಎಲ್ಲದಕ್ಕೂ ಒಂದೇ ಮಾತು, ಮುಳುಗಡಿ. ಬಾಗಿಲು ಮುರಿದಿದೆಯಲ್ಲ ಅಂದರೆ "ಮುಳುಗಡಿ ಮನಿಗ್ಯಾಕ್ರಿ ಬಾಗಲಾ?" ಸುಣ್ಣ ಬಳಿಯಬಾರದೇ ಅಂದರೆ "ಹೊಳಿ ಮೀನಿಗೆ ತೋರಸಾಕೇನ್ರಿ?" ನನ್ನ ಬಾಡಿಗೆ ಮನೆ ಸೋರುತ್ತದೆಂದು ಮಾಲಕರಿಗೆ ಹೇಳಿದೆ. "ಈಗ ಹನಿ ಹನಿ ರೂಢಿ ಮಾಡ್ಕೋರಿ, ಮುಂದ ಪೂರಾ ಬರೂದೈತಿ" ಅಂದರು. ನಗು ಬಂತು, ಮೈಯೂ ಉರಿಯಿತು.

ನಮ್ಮದು ವಿಶ್ವವಿದ್ಯಾಲಯದ ಒಂದು ಸಣ್ಣ ಸ್ನಾತಕೋತ್ತರ ಕೇಂದ್ರ. ಅಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಸಂಗಪ್ಪ ಸರ್ ಬಾದಾಮಿಯವರು, ಅಲ್ಲಿನ ಬಂಡೆಯಷ್ಟೇ ಹಟಮಾರಿ. ಅವರಿಗೊಂದು ಹುಚ್ಚು ಹತ್ತಿತ್ತು. ನೆಲ, ನೀರು, ಜನ ಮೂರನ್ನೂ ಒಂದೇ ಪಾಠವಾಗಿ ಕಲಿಸಬೇಕು, ಅವರು, ನಾನು, ಇತಿಹಾಸದ ಮಾಸ್ತರರು ಒಂದೇ ಕೋಣೆಯಲ್ಲಿ ನಿಂತು ಕಲಿಸಬೇಕು. ಸುಸ್ಥಿರ ಗಿಸ್ಥಿರ ಅನ್ನುವ ಮಾತು ಆಗ ನಮ್ಮ ಕಡೆಗೆ ಬಂದಿರಲಿಲ್ಲ. ಸರ್ "ಬಾಳಿಕಿ" ಅನ್ನುತ್ತಿದ್ದರು. "ಸೀರಿ ತಗೊಳ್ಳೂ ಮುಂದ ಬಾಳಿಕಿ ಬರ್ತೈತೇನು ಅಂತ ಕೇಳ್ತೀವಿ. ಊರಿನ ಬಾಳಿಕಿ ಯಾಕ ಕೇಳಬಾರ್ದು?" ಒಂದು ವರ್ಷ ನಡೆಸಿ ತೋರಿಸಿ, ಆಮೇಲೆ ಸಮಿತಿ ಬಂದು ನೋಡಿ ಮಂಜೂರು ಮಾಡುತ್ತದೆ ಎಂದಿತು ವಿಶ್ವವಿದ್ಯಾಲಯ.

ಒಂದು ಕೋಣೆಗೆ ಮೂವರು ಮಾಸ್ತರರೆಂದರೆ ಒಂದು ಒಲೆಗೆ ಮೂವರು ಸೊಸೆಯಂದಿರು. ನಾನು ಬೆಲೆ ಅನ್ನುವಷ್ಟರಲ್ಲಿ ಸರ್ ಬೇರು ಅನ್ನುತ್ತಿದ್ದರು. ಇತಿಹಾಸದವರು ಇಬ್ಬರನ್ನೂ ಚಾಲುಕ್ಯರ ಕಾಲಕ್ಕೆ ಎಳೆದೊಯ್ಯುತ್ತಿದ್ದರು. ವಿದ್ಯಾರ್ಥಿಗಳಿಗೆ ಮಾತ್ರ ಭಾಳ ಖುಷಿ. ಪುಕ್ಕಟೆ ಜಗಳ ನೋಡುವುದು ಯಾರಿಗೆ ಬೇಡ ಹೇಳಿ.

ವಿದ್ಯಾರ್ಥಿಗಳನ್ನು ಓಣಿ ಓಣಿಗೆ ಕಳಿಸಿ ವಿಚಾರಿಸಿದಾಗ ಒಂದು ಸಂಗತಿ ಹೊರಬಿತ್ತು. ನಮ್ಮ ಕಡೆಯ ಮಾಳಿಗೆಗಳು, ಅಂದರೆ ಮನೆಯ ಚಾವಣಿಗಳು, ಮಣ್ಣಿನವು. ಮಳೆಗಾಲದ ಮುಂಚೆ ನೀರು ಹೀರದ ಕರಲು ಮಣ್ಣನ್ನು ಪ್ರತಿ ವರ್ಷ ಮೇಲೆ ಹರವಿ ತುಳಿಯಬೇಕು. ಜನ ಅದನ್ನೇ ನಿಲ್ಲಿಸಿಬಿಟ್ಟಿದ್ದರು. ಮಾಳಿಗೆಯ ಮೇಲೆ ಹುಲ್ಲು ಬೆಳೆದು, ಬೇರು ಇಳಿದು, ಹೊಳೆ ಬರುವ ಮೊದಲೇ ಮನೆಗಳು ಬೀಳುತ್ತಿದ್ದವು. ಸರ್ ಮೇಜು ಕುಟ್ಟಿದರು. "ಈ ವರ್ಷದ ಪ್ರಾಯೋಗಿಕ ಪರೀಕ್ಷಾ ಇದ. ಎಲ್ಲಾರೂ ಮಾಳಿಗಿ ಹತ್ರಿ."

ಮೊದಲಿಗೆ ಹೋದದ್ದು ನನ್ನ ಎದುರು ಮನೆಯ ಪಾರವ್ವನ ಹತ್ತಿರ. ಗಂಡ ತೀರಿಕೊಂಡಿದ್ದ, ಒಬ್ಬಳೇ ಮಗಳನ್ನು ಇಳಕಲ್ಲಿನ ನೇಕಾರರ ಮನೆಗೆ ಕೊಟ್ಟಿದ್ದಳು. ನಮ್ಮ ಕೈಯಲ್ಲಿ ಬುಟ್ಟಿ ಸಲಿಕೆ ಕಂಡದ್ದೇ ತಡ, ಬಾಗಿಲಿಗೆ ಅಡ್ಡ ನಿಂತಳು.

"ಬ್ಯಾಡ್ರಿ ಮ್ಯಾಡಮ್ಮಾರ. ಮನಿ ಬಿಡಬೇಕಂತ ಮನಸ ಗಟ್ಟಿ ಮಾಡ್ಕೊಂಡೇನಿ. ಗ್ವಾಡಿ ಕಡೆ ನೋಡೂದ ಬಿಟ್ಟೇನಿ. ನೀವು ಮತ್ತ ಚಂದ ಮಾಡಿಕೊಟ್ರ ನಾಳೆ ಹ್ಯಾಂಗ ಬಿಟ್ಟು ಹೋಗ್ಲಿ?"

"ಹಟ ಮಾಡ್ತಾಳ" ಅಂದರು ಸರ್. ನನಗೆ ಹಟ ಅನ್ನಿಸಲಿಲ್ಲ. "ಮುಳುಗೂದು ಆಕಿ ಮನಿ, ಪರೀಕ್ಷಾ ನಿಮ್ದು" ಎಂದು ನಡುಬೀದಿಯಲ್ಲೇ ಜಗಳಕ್ಕೆ ನಿಂತೆ. ಎರಡು ದಿನ ನಾವು ಮಾತು ಬಿಟ್ಟೆವು. ಒಂದೇ ಕೋಣೆಯಲ್ಲಿ ಪಾಠ ಮಾಡುತ್ತ ಮಾತು ಬಿಡುವುದು ಎಷ್ಟು ಕಷ್ಟವೆಂದು ಮಾಡಿ ನೋಡಿದವರಿಗೇ ಗೊತ್ತು.

ಅಷ್ಟರಲ್ಲಿ ಪಾರವ್ವನ ಮಗಳು ಶಾಂತವ್ವನಿಗೆ ದಿನ ತುಂಬತೊಡಗಿದವು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಮಗಳಿಗೆ ಸೀಮಂತದ ಕುಬಸ ಮಾಡಿ, ಹಸಿರು ಸೀರೆ ಉಡಿಸಿ ಕರೆತರಲು ಇಳಕಲ್ಲಿಗೆ ಹೊರಟ ಪಾರವ್ವ ಜೊತೆಗೆ ನನ್ನನ್ನೂ ಕರೆದಳು. ತಿರುಗಾಟವೆಂದರೆ ನಾನು ಯಾವತ್ತು ಒಲ್ಲೆ ಅಂದಿದ್ದೇನೆ? ಕುಬಸವೇನೋ ಚೆಂದಾಗಿ ನಡೆಯಿತು. ಕರೆದೊಯ್ಯುವ ಮಾತು ಬಂದಾಗ ಬೀಗಿತಿ ಮಗ್ಗದ ಸದ್ದಿನ ಮೇಲೆ ದನಿ ಏರಿಸಿದರು. "ಸೊಸೀನ ಕಳಸೂದಿಲ್ರಿ. ಮುಳುಗೂ ಊರಾಗ ಬಾಣಂತನ ಯಾರ ಮಾಡ್ಯಾರ? ಮಲಗಿದಾಗ ಹೊಳಿ ಒಳಗ ಬಂದ್ರ ತೊಟ್ಲಾ ಯಾರ ಎತ್ತಬೇಕು?"

ಹಿನ್ನೀರು ಹೇಳದೆ ಕೇಳದೆ ಕಳ್ಳನ ಹಾಗೆ ಬರುತ್ತದೆಂದು ಆಕೆ ನಿಜವಾಗಿ ನಂಬಿದ್ದರು. ಹಾಗಲ್ಲ, ಇನ್ನೂ ವರ್ಷಗಟ್ಟಲೆ ಹಿಡಿಯುತ್ತದೆ ಎಂದು ನಾನು ತಿಳಿಸಿ ಹೇಳಿದೆ. "ಅದಿರಲಿ. ಮನಿ ಸೋರೂದು ಖರೆ ಹೌದೋ ಅಲ್ಲೋ?" ಅಂದರು. ಪಾರವ್ವ ತಲೆ ತಗ್ಗಿಸಿದಳು. "ಮೊದಲ ನಾ ಬಂದು ಮಾಳಿಗಿ ನೋಡ್ತೇನಿ, ಆಮ್ಯಾಲ ಕಳಸ್ತೇನಿ." ಒಳಬಾಗಿಲಲ್ಲಿ ನಿಂತ ಶಾಂತವ್ವ ಹೊಸ ಸೀರೆಯ ಸೆರಗಿನಿಂದ ಕಣ್ಣೊರೆಸಿಕೊಂಡಳು.

ವಾಪಸ್ ಬರುವಾಗ ಬಸ್ಸು ಹುನಗುಂದ ದಾಟಿತು. ಪಾರವ್ವ ಕಿಟಕಿಯ ಕಡೆ ನೋಡುತ್ತಲೇ "ಮಣ್ಣ ಹಾಕಸ್ರಿ" ಅಂದಳು. ಬಿಟ್ಟು ಹೋಗುವಾಗ ಸಂಕಟವಾಗುತ್ತದೆ ಅಂದಿದ್ದೆಯಲ್ಲ ಎಂದೆ. "ಆಗ ಅಳ್ತೇನಿ. ನೀರು ಬಂದಾಗಿನ ಅಳು ನೀರು ಬಂದಾಗ. ಕೂಸು ಈಗ ಬರ್ತೈತಿ."

ಮಣ್ಣು ಹಾಕುವ ದಿನವೇ ಸಮಿತಿಯೂ ಬಂತು. ಬಾದಾಮಿಯ ಗುಹೆಗಳನ್ನು ನೋಡಿ, ಬನಶಂಕರಿಯಲ್ಲಿ ಕೈಮುಗಿದು, ಹಸಿದು ಬಂದಿದ್ದರು. ವಿದ್ಯಾರ್ಥಿಗಳು ಮಾಳಿಗೆಯ ಮೇಲೆ ಸಾಲಾಗಿ ಮಣ್ಣು ತುಳಿಯುವುದನ್ನು ಓಣಿಯಲ್ಲಿ ನಿಂತು ನೋಡಿದ ಅಧ್ಯಕ್ಷರು ಕೇಳಿದರು, "ಇದು ಯಾವ ವಿಭಾಗದ ಅಡಿಯಲ್ಲಿ ಬರುತ್ತದೆ?"

ಮೊಣಕಾಲಿನ ತನಕ ಕೆಸರಾಗಿದ್ದ ಸರ್ ಮೇಲಿನಿಂದ ಬಗ್ಗಿದರು. "ಸದ್ಯಕ್ಕ ಮಾಳಿಗಿ ಅಡಿಯಾಗ ಬರ್ತೈತ್ರಿ. ಒಳಗ ಬರ್ರಿ, ಪಾರವ್ವ ರೊಟ್ಟಿ ಬಡದಾಳ."

ರೊಟ್ಟಿ ಉಂಡರು, ಹೊಗಳಿದರು, ಹೋದರು. ಕೋರ್ಸು ಮಂಜೂರಾಗಲಿಲ್ಲ. ಯಾವ ವಿಭಾಗಕ್ಕೂ ಸೇರದ ಪಾಠಕ್ಕೆ ಜಾಗವಿಲ್ಲವಂತೆ. ಸರ್ ತಮ್ಮ ಸಸ್ಯಶಾಸ್ತ್ರಕ್ಕೆ ಮರಳಿದರು. ಈಗ ಅವರಿಲ್ಲ. ಆ ಸಿಟ್ಟು ನನ್ನಲ್ಲಿ ಇನ್ನೂ ಇದೆ, ಇರಲಿ ಬಿಡಿ.

ಆದರೆ ನಮ್ಮ ಪರೀಕ್ಷೆಯನ್ನು ಸರಿಯಾಗಿ ತೆಗೆದುಕೊಂಡವರು ಬೀಗಿತಿ. ಮಾಳಿಗೆಯ ಮೇಲೆ ಕೊಡಗಟ್ಟಲೆ ನೀರು ಸುರಿಸಿ, ತಾವು ಕೆಳಗೆ ಅಂಗೈ ಚಾಚಿಕೊಂಡು ಮೂಲೆ ಮೂಲೆಯಲ್ಲಿ ನಿಂತರು. ಅಂಗೈ ಒಣಗಿಯೇ ಇತ್ತು. ಅದನ್ನು ಎಲ್ಲರಿಗೂ ತೋರಿಸಿದರು. ಶಾಂತವ್ವ ಬಂದಳು, ಮುಂಗಾರಿನ ಮಿರಗದ ಮಳೆ ಹೊರಗೆ ಬಡಿಯುತ್ತಿದ್ದಾಗಲೇ ಹೆತ್ತಳು. ಬೆಚ್ಚಗಿನ ಕೋಣೆಯಲ್ಲಿ ಹೆಣ್ಣುಕೂಸು ಓಣಿಗೆಲ್ಲ ಕೇಳುವಂತೆ ಅತ್ತಿತು.

ಆ ಓಣಿ ಕೊನೆಗೂ ಮುಳುಗಿತು. ಮನೆ ಬಿಡುವ ದಿನ ಪಾರವ್ವ ಹೇಳಿದಂತೆಯೇ ಅತ್ತಳು, ಗೋಡೆಗೆ ಹಣೆ ಹಚ್ಚಿ ಮನಸಾರೆ ಅತ್ತಳು. ನಂತರ ಮುಖ ತೊಳೆದುಕೊಂಡು ಸಾಮಾನಿನ ಲಾರಿ ಹತ್ತಿದಳು. ಮುಳುಗಿದ ಮನೆಯೇ ಹೌದು, ಆದರೆ ಮುಳುಗುವ ತನಕ ಅದು ಮನೆಯಾಗಿತ್ತು.

ಇಷ್ಟೆಲ್ಲ ಹೇಳುತ್ತಿರುವ ನಾನು ಎಂಥವಳು ಗೊತ್ತೇ? ಕಣ್ಣಿಗೆ ಪೊರೆ ಬಂದು ಬಹಳ ದಿನವಾಯಿತು. ಆಪರೇಷನ್ ಮಾಡಿಸಿಕೋ ಎಂದು ತಂಗಿ ಬೆನ್ನು ಬಿದ್ದಿದ್ದಾಳೆ. "ಈ ವಯಸ್ಸಿಗೆ ಇನ್ನೇನು ನೋಡೂದೈತಿ ಬಿಡು" ಅನ್ನುತ್ತ ಬಂದಿದ್ದೇನೆ. ಇವತ್ತು ಆ ಮಾತು ನನಗೇ ಕೇಳಿಸಿತು. ಅದು ಮುಳುಗಡಿಯವರ ಮಾತು.

ದವಾಖಾನೆಗೆ ಫೋನು ಹಚ್ಚಿದೆ. "ಅವಸರ ಏನಿಲ್ಲ ಅಜ್ಜಿ, ಮುಂದಿನ ತಿಂಗಳ ಬಂದ್ರೂ ನಡೀತೈತಿ" ಅಂದಳು ಆ ಕಡೆಯ ಹುಡುಗಿ.

"ನನಗೈತಿ ಅವಸರ" ಅಂದೆ. "ನಾಳೇನ ಬರ್ತೇನಿ."